46 ಸೀಟಿನ ಹಳೇ ಆಫೀಸು, ಗೋಡೆ ಒಡೆದು ‘ಓಪನ್’ ಮಾಡಬೇಕಂತೆ. ಮಾಡಿ ನೋಡಿದವರು ಯಾರಾದ್ರೂ ಇದ್ದೀರಾ?

ಬಲ್ಲಾರ್ಡ್_ಬಾಬು · ಜುಲೈ, ಸೋಮವಾರ ರಾತ್ರಿ 9:42

ಎಲ್ಲರಿಗೂ ನಮಸ್ಕಾರ. ನಾನು ಮುಂಬೈಯ ಬಲ್ಲಾರ್ಡ್ ಎಸ್ಟೇಟಿನ ಒಂದು ಕಸ್ಟಮ್ಸ್ ಕ್ಲಿಯರಿಂಗ್ (ಸರಕಿನ ಸುಂಕದ ಕಾಗದಪತ್ರ ಮಾಡಿಸುವ) ಆಫೀಸಿನಲ್ಲಿ 23 ವರ್ಷದಿಂದ ಅಡ್ಮಿನ್ ಕೆಲಸದಲ್ಲಿದ್ದೇನೆ. ಅಂದರೆ ಟ್ಯೂಬ್‌ಲೈಟ್ ಹೋದರೂ ನಾನೇ, ಚಹಾ ತಣ್ಣಗಾದರೂ ನಾನೇ. ದೊಡ್ಡ ಸಾಹೇಬರು ಈ ವರ್ಷ ಮಗನಿಗೆ ಕುರ್ಚಿ ಬಿಟ್ಟುಕೊಟ್ಟರು. ಮಗ ಹೊರದೇಶದಲ್ಲಿ ಓದಿ ಬಂದವರು, ಒಳ್ಳೆಯವರೇ. ಬಂದು ಎರಡು ತಿಂಗಳಾಗಿಲ್ಲ, ಎಲ್ಲ ಕ್ಯಾಬಿನ್ ತೆಗೆಯೋಣ ಅಂದರು. ಯಾರಿಗೂ ಖಾಯಂ ಸೀಟು ಬೇಡ, ಉದ್ದನೆ ಮೇಜು ಹಾಕೋಣ, ಸೋಫಾ ಹಾಕೋಣ, ಜನ ಸೇರಿ ಕೆಲಸ ಮಾಡಲಿ ಅಂತ.

ಈಗ ಇರುವುದು 3,400 ಚದರ ಅಡಿ, ಮೂರನೇ ಮಹಡಿ. 46 ಸೀಟು, 5 ಕ್ಯಾಬಿನ್, ಕಪಾಟು ರ್ಯಾಕು ಎಲ್ಲ ಸೇರಿ 38. ಸೂರು 15 ಅಡಿ ಎತ್ತರ, ಕಲ್ಲಿನ ನೆಲ. ಅರ್ಧ ಜನ ದಿನವಿಡೀ ಫೋನಿನಲ್ಲಿ ಕೂಗಾಡುತ್ತಿರುತ್ತಾರೆ. ಶಿಪ್ಪಿಂಗ್ ಲೈನಿನವರು, ಟ್ರಾನ್ಸ್‌ಪೋರ್ಟಿನವರು, ನ್ಹಾವಾ ಶೇವಾ ಬಂದರಿನಲ್ಲಿರುವ ನಮ್ಮ ಹುಡುಗರು, ಎಲ್ಲರ ಹತ್ತಿರವೂ ಮಾತು. ಅಕೌಂಟ್ಸಿನ ನಾಲ್ವರಿಗೆ ಪಿನ್ ಬಿದ್ದರೂ ಕೇಳುವಷ್ಟು ಮೌನ ಬೇಕು. ಬಜೆಟ್ 35 ಲಕ್ಷ. ದಸರಾ ಮುಗಿದ ಕೂಡಲೇ ಕೆಲಸ ಶುರು ಆಗಬೇಕು.

ಡಾಕ್ಯುಮೆಂಟೇಷನ್ ನೋಡುವ ಹಿರಿಯರೊಬ್ಬರಿದ್ದಾರೆ. 31 ವರ್ಷದಿಂದ ಅದೇ ಕಿಟಕಿ, ಅದೇ ಕುರ್ಚಿ. ನಿನ್ನೆ ಮೆಲ್ಲಗೆ ಬಂದು, “ನನ್ನ ದೇವರ ಫೋಟೋ ಎಲ್ಲಿಡಲಿ?” ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ.

ಕುರ್ಲಾ_ಶೆಟ್ರು

ಮೊದಲು ಸಾಹೇಬರ ಕ್ಯಾಬಿನ್ ಒಡೀತಾರಾ ಕೇಳಿ ಮಾರಾಯ್ರೆ. ಉಳಿದದ್ದು ಆಮೇಲೆ ಮಾತಾಡೋಣ.

ಬಲ್ಲಾರ್ಡ್_ಬಾಬು

ಅದು ‘ಮೀಟಿಂಗ್ ರೂಮ್’ ಆಗುತ್ತಂತೆ. ಒಳಗೆ ಅವರೇ ಕೂರುತ್ತಾರಂತೆ.

ಕುರ್ಲಾ_ಶೆಟ್ರು

ಹ್ಹಹ್ಹ. ಬೋರ್ಡ್ ಬದಲಾಯ್ತು, ಅಷ್ಟೇ.

ಹಿಂಜವಡಿ_ಹುಡುಗಿ

ಪುಣೆಯಲ್ಲಿ ನಮ್ಮದು ನಾಲ್ಕು ವರ್ಷದಿಂದ ಹೀಗೇ ಇದೆ ಸರ್. ಹಿಂದಿನ ರಾತ್ರಿ ಆ್ಯಪಿನಲ್ಲಿ ಸೀಟು ಬುಕ್ ಮಾಡಬೇಕು. ಸೋಮವಾರ, ಶುಕ್ರವಾರ ಫ್ಲೋರ್ ಖಾಲಿ ಹೊಡೆಯುತ್ತೆ. ಮಂಗಳವಾರದಿಂದ ಗುರುವಾರ ಜಾತ್ರೆ. ಬೆಳಿಗ್ಗೆ ಎಂಟೂವರೆಗೆ ಬಂದವರು ಪಕ್ಕದ ನಾಲ್ಕು ಸೀಟಿಗೆ ನೀರಿನ ಬಾಟಲಿ, ಜರ್ಕಿನ್, ಹಳೇ ಚಾರ್ಜರ್ ಇಟ್ಟು ಹಿಡಿದಿರುತ್ತಾರೆ. ಥೇಟ್ ನಮ್ಮೂರ ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದ ಹಾಗೆ. ಆ್ಯಪ್ ಏನೇ ಹೇಳಲಿ, ಕರ್ಚೀಫ್ ಹೇಳಿದ್ದೇ ಕಾನೂನು.

ಆದ್ರೂ ನಾನು ಹಳೇ ಥರಕ್ಕೆ ವಾಪಸ್ ಹೋಗಲ್ಲ. ಮೊದಲಿನ ಕಂಪನಿಯಲ್ಲಿ ಮ್ಯಾನೇಜರ್ ಬಾಗಿಲು ತಟ್ಟೋಕೇ ಹೆದರಿಕೆ ಆಗ್ತಿತ್ತು. ಒಂದು ಸಣ್ಣ ಡೌಟಿಗೆ ಮೇಲ್ ಹಾಕಿ ಎರಡು ದಿನ ಕಾದಿದ್ದಿದೆ. ಇಲ್ಲಿ ಸೀನಿಯರ್ ಪಕ್ಕದಲ್ಲೇ ಕೂತು ಕ್ಲೈಂಟ್ ಹತ್ತಿರ ಹೇಗೆ ಮಾತಾಡ್ತಾರೆ ಅಂತ ಕೇಳಿಸಿಕೊಂಡೇ ಅರ್ಧ ಕೆಲಸ ಕಲಿತೆ.

ನಕ್ಷೆ_ಭಟ್ಟ

ಬಾಬು ಅವರೇ, ನಾನು ಠಾಣೆಯಲ್ಲಿ ಇಂಟೀರಿಯರ್ ಕೆಲಸ ಮಾಡುವವನು, ಊರು ಶಿರಸಿ ಹತ್ತಿರ. ಇಂಥ ಕೆಲಸಕ್ಕೆ ಕರೆದವರಿಗೆಲ್ಲ ಹೇಳುವ ಮೊದಲ ಮಾತನ್ನೇ ನಿಮಗೂ ಹೇಳ್ತೇನೆ. ಈಗಲೇ ನಕ್ಷೆ ಬೇಡ, ಎರಡು ವಾರ ಎಣಿಸಿ. ದಿನಕ್ಕೆ ಮೂರು ಸಲ ಒಂದು ಹಾಳೆ ಹಿಡಿದು ಆಫೀಸು ಸುತ್ತಿ. ಎಷ್ಟು ಸೀಟು ತುಂಬಿದೆ, ಯಾರು ಫೋನಿನಲ್ಲಿದ್ದಾರೆ, ಯಾರು ತಲೆ ತಗ್ಗಿಸಿ ಒಬ್ಬರೇ ಕೂತಿದ್ದಾರೆ, ಇಬ್ಬರು ಮೂವರು ನಿಂತು ಮಾತಾಡ್ತಿದ್ದರೆ ಎಲ್ಲಿ ನಿಂತಿದ್ದಾರೆ, ಎಲ್ಲ ಬರೆಯಿರಿ. ಈ ಹಾಳೆ ಇಲ್ಲದೆ ಸೋಫಾ ತಂದವರ ಸೋಫಾ ಮೇಲೆ ಆರು ತಿಂಗಳಿಗೆ ಕೊರಿಯರ್ ಡಬ್ಬ ಕೂತಿರುತ್ತೆ. ನಾನೇ ಕಂಡಿದ್ದೇನೆ.

ಇನ್ನು ಸದ್ದು. 15 ಅಡಿ ಸೂರು, ಕಲ್ಲಿನ ನೆಲ ಅಂದಿರಿ. ಈಗ ಪ್ರತಿಧ್ವನಿ ನುಂಗುತ್ತಿರುವುದು ರ್ಯಾಕುಗಳಲ್ಲಿರೋ ಕಾಗದ. ಪಕ್ಕದವರ ಮಾತು ತಡೆಯುತ್ತಿರುವುದು ಕ್ಯಾಬಿನ್ ಗೋಡೆ. ಎರಡೂ ಹೊರಗೆ ಹೋದ ದಿನ ನಿಮ್ಮ ಆಫೀಸು ಕಲ್ಯಾಣ ಮಂಟಪ. ಸೂರಿನಿಂದ ಮೆತ್ತಗಿನ ಪ್ಯಾನೆಲ್ ಇಳಿಬಿಟ್ಟರೆ ಪ್ರತಿಧ್ವನಿ ತಗ್ಗುತ್ತೆ. ಆದರೆ ಮಾತು ತಡೆಯೋದಕ್ಕೆ ಗೋಡೆಯೇ ಬೇಕು, ಅದೂ ಮೇಲಿನ ಸ್ಲ್ಯಾಬಿನ ತನಕ. ಬಹಳ ಜನ ಜಿಪ್ಸಮ್ ಗೋಡೆಯನ್ನು ಫಾಲ್ಸ್ ಸೀಲಿಂಗಿಗೆ ನಿಲ್ಲಿಸಿಬಿಡ್ತಾರೆ. ಒಳಗಿನ ಮಾತು ಮೇಲಿನ ಟೊಳ್ಳಿನಲ್ಲಿ ಹಾದು ಪಕ್ಕದ ರೂಮಿಗೆ ಇಳಿಯುತ್ತೆ. ಸಂಬಳದ ಮಾತುಕತೆ ಪ್ಯಾಂಟ್ರಿಯಲ್ಲಿ ಕೇಳಿಸುವುದು ಹೀಗೇ.

ಏಸಿ ಮೂರನೇ ತಲೆನೋವು. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಹೆಚ್ಚುಕಡಿಮೆ 100 ವ್ಯಾಟ್ ಬಿಸಿ ಹೊರಡುತ್ತೆ. ಚಂದ ಕಾಣಲಿ ಅಂತ ಮಾಡಿದ ಗಾಜಿನ ಗೂಡಿನಲ್ಲಿ ಎಂಟು ಜನ ಕೂತರೆ ಒಂದು ಇಸ್ತ್ರಿಪೆಟ್ಟಿಗೆ ಹಚ್ಚಿಟ್ಟ ಹಾಗೆ. ಆ ಗೂಡಿಗೆ ಗಾಳಿ ಬರುವ ದಾರಿ ಇಟ್ಟು, ವಾಪಸ್ ಹೋಗುವ ದಾರಿ ಮರೆತರೆ ಕಾಲು ಗಂಟೆಗೆ ಬಾಗಿಲು ತೆಗೆದೇ ಮೀಟಿಂಗ್ ಮಾಡ್ತಾರೆ. ಮತ್ತೆ ಗೂಡು ಯಾಕೆ?

ಕಟ್ಟಡದ ಮಾಲೀಕರ ಅನುಮತಿ ಬಗ್ಗೆ ಈಗಲೇ ವಿಚಾರಿಸಿ. ಬಲ್ಲಾರ್ಡ್ ಎಸ್ಟೇಟು ಪೋರ್ಟ್ ಅಥಾರಿಟಿಯ (ಮೊದಲಿನ ಪೋರ್ಟ್ ಟ್ರಸ್ಟ್) ಜಾಗ, ಮೇಲಾಗಿ ಹೆರಿಟೇಜ್ ಪ್ರದೇಶ. 1914ರಿಂದ 1918ರ ಒಳಗೆ ಎದ್ದ ಬಡಾವಣೆ, ಗೇಟ್‌ವೇ ಆಫ್ ಇಂಡಿಯಾ ಮಾಡಿದ ಜಾರ್ಜ್ ವಿಟೆಟ್ ಅವರದ್ದೇ ವಿನ್ಯಾಸ. ನಿನ್ನೆ ಮೊನ್ನೆ ಹಾಕಿದ ಪಾರ್ಟಿಷನ್ ತೆಗೆಯುವುದು ಬೇರೆ, ನೂರು ವರ್ಷದ ಇಟ್ಟಿಗೆ ಗೋಡೆಗೆ ಕೈ ಹಾಕುವುದು ಬೇರೆ. ಬೆರಳಿನಿಂದ ಬಡಿದು “ಇದು ಭಾರ ಹೊತ್ತಿಲ್ಲ” ಅನ್ನುವ ಮೇಸ್ತ್ರಿಯನ್ನು ನಂಬಬೇಡಿ. ಸ್ಟ್ರಕ್ಚರಲ್ ಇಂಜಿನಿಯರ್ ಕರೆಸಿ.

ಮುಲುಂಡ್_ಮಾವ

ನಾನು ನಿವೃತ್ತ ಬ್ಯಾಂಕ್ ನೌಕರ. ಈ ‘ಓಪನ್ ಆಫೀಸ್’ ಹೊಸದು ಅನ್ನುವವರನ್ನು ಕಂಡರೆ ನಗು ಬರುತ್ತೆ. 1974ರಲ್ಲಿ ಫೋರ್ಟಿನ ಬ್ರಾಂಚಿಗೆ ಸೇರಿದಾಗ ನಾವು 60 ಜನ ಒಂದೇ ಹಾಲಿನಲ್ಲಿ ಕೂರ್ತಿದ್ದೆವು. ಲೆಡ್ಜರು, ಟೋಕನ್ನು, ಫ್ಯಾನು. ಮ್ಯಾನೇಜರಿಗೆ ಮಾತ್ರ ಅರ್ಧ ಗೋಡೆಯ ಮರದ ಗೂಡು. ಕ್ಯಾಬಿನ್ ರೋಗ ಬಂದದ್ದು ಆಮೇಲೆ, ಪ್ರಮೋಷನ್ ಜೊತೆ.

ಡೇಟಾ_ದೇಸಾಯಿ

ಮಾವನವರು ಸರಿಯಾಗಿ ಹೇಳಿದರು. ಅಮೆರಿಕದಲ್ಲೂ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1906ರಲ್ಲೇ ಲಾರ್ಕಿನ್ ಕಟ್ಟಡದಲ್ಲಿ ಜನರನ್ನು ದೊಡ್ಡ ತೆರೆದ ಹಾಲಿನಲ್ಲಿ ಕೂರಿಸಿದ್ದ. ಕ್ಯೂಬಿಕಲ್ (ಅರ್ಧ ಗೋಡೆಯ ಗೂಡು) ಕಥೆ ಇನ್ನೂ ಮಜಾ ಇದೆ. ಹರ್ಮನ್ ಮಿಲ್ಲರ್ ಅನ್ನೋ ಪೀಠೋಪಕರಣ ಕಂಪನಿಯಲ್ಲಿ ರಾಬರ್ಟ್ ಪ್ರಾಪ್ಸ್ಟ್ ಅನ್ನುವವರು 1960ರ ದಶಕದಲ್ಲಿ ‘ಆ್ಯಕ್ಷನ್ ಆಫೀಸ್’ ಅನ್ನೋ ಮೇಜು, ಗೋಡೆಗಳ ಜೋಡಣೆ ಮಾಡಿದರು. ಕೆಲಸ ಬದಲಾದ ಹಾಗೆ ಜೋಡಣೆಯೂ ಬದಲಾಗಲಿ, ಮನುಷ್ಯ ಎದ್ದು ಓಡಾಡಲಿ ಅನ್ನೋದು ಅವರ ಆಸೆ. ಕಂಪನಿಗಳು ಅದರ ಗೋಡೆ ತುಂಡುಗಳನ್ನಷ್ಟೇ ಕೊಂಡು ಜನರನ್ನು ಕೋಳಿಗೂಡಿನಲ್ಲಿ ತುಂಬಿದವು. ಕೊನೆಗೆ ಅವರೇ ಅದನ್ನು ಬೈದರು.

ಬಾಬು ಸರ್, ನಿಮ್ಮ ಚಿಕ್ಕ ಸಾಹೇಬರಿಗೆ ಒಂದು ಅಧ್ಯಯನ ತೋರಿಸಿ. 2018ರಲ್ಲಿ ಹಾರ್ವರ್ಡಿನ ಬರ್ನ್‌ಸ್ಟೈನ್ ಮತ್ತು ಟರ್ಬನ್ ಎರಡು ದೊಡ್ಡ ಕಂಪನಿಗಳ ಜನರಿಗೆ ಕೊರಳಿಗೆ ಸೆನ್ಸರ್ ಹಾಕಿ ಅಳೆದರು. ಗೋಡೆ ತೆಗೆದು ಓಪನ್ ಮಾಡಿದ ಮೇಲೆ ಮುಖಾಮುಖಿ ಮಾತು ಸುಮಾರು 70 ಪ್ರತಿಶತ ಕಡಿಮೆಯಾಯ್ತು. ಇಮೇಲು, ಚಾಟು ಜಾಸ್ತಿಯಾಯ್ತು. ಎಲ್ಲರ ಕಣ್ಣೆದುರು ಮಾತಾಡೋಕೆ ಮುಜುಗರ, ಅದಕ್ಕೆ ಕಿವಿಗೆ ಹೆಡ್‌ಫೋನು. ಮಾತಾಡಲಿ ಅಂತ ಗೋಡೆ ಒಡೆದರೆ ಬಾಯಿ ಮುಚ್ಚಿತು.

ಹಿಂಜವಡಿ_ಹುಡುಗಿ

ದೇಸಾಯಿ ಸರ್, ಎರಡೇ ಕಂಪನಿ ನೋಡಿ ಎಲ್ಲರಿಗೂ ಅದೇ ಅಂದ್ರೆ ಹೇಗೆ? ಮೇಲಾಗಿ ಅವು ಅಮೆರಿಕದ ಹೆಡ್ ಆಫೀಸುಗಳು. ಬಾಬು ಸರ್ ಆಫೀಸಿನಲ್ಲಿ ಜನ ಈಗಲೇ ಕೂಗಾಡ್ತಿದ್ದಾರಂತೆ. ಅವರ ಬಾಯಿ ಮುಚ್ಚಿದರೆ ಒಳ್ಳೇದೇ ಅಲ್ವಾ.

ಡೇಟಾ_ದೇಸಾಯಿ

ಒಪ್ಪಿದೆ. ಹಾಗಾದ್ರೆ ಇನ್ನೊಂದು ತಗೊಳ್ಳಿ. ಚಿಯಾಟ್ ಡೇ ಅನ್ನೋ ಜಾಹೀರಾತು ಕಂಪನಿ 1990ರ ದಶಕದ ನಡುವಿನಲ್ಲೇ ಲಾಸ್ ಏಂಜಲೀಸಿನಲ್ಲಿ ಯಾರಿಗೂ ಸ್ವಂತ ಮೇಜಿಲ್ಲದ ಆಫೀಸು ಮಾಡಿತ್ತು. ಬೆಳಿಗ್ಗೆ ಬಂದು ಫೋನು, ಲ್ಯಾಪ್‌ಟಾಪ್ ಇಸ್ಕೊಳ್ಳಬೇಕು, ಸಂಜೆ ವಾಪಸ್ ಕೊಡಬೇಕು. ಜನ ಫೈಲು ಇಡೋಕೆ ಜಾಗ ಇಲ್ಲದೆ ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಂಡರು. ಒಬ್ಬರು ಮಕ್ಕಳ ಆಟದ ಗಾಡಿಯಲ್ಲಿ ಕಾಗದ ಹೇರಿ ಎಳ್ಕೊಂಡು ಓಡಾಡಿದರು. ಕೆಲವೇ ವರ್ಷದಲ್ಲಿ ಕಂಪನಿ ಅದನ್ನು ಕೈಬಿಟ್ಟಿತು.

ಕುರ್ಲಾ_ಶೆಟ್ರು

ನಮ್ಮವರಿಗೆ ಕಾರ್ ಎಲ್ಲಿಂದ? ಡೊಂಬಿವಲಿ ಲೋಕಲ್‌ನಲ್ಲಿ ಫೈಲ್ ಹೊತ್ಕೊಂಡು ಹೋಗಬೇಕು.

ವಡಾಲಾ_ವೀಣಾ

ಇಲ್ಲಿ ಇಷ್ಟು ಹೊತ್ತು ಬರೀ ಸದ್ದು, ಇತಿಹಾಸ ಆಯ್ತು. ಹೆಂಗಸರ ಕಡೆಯಿಂದ ನಾಲ್ಕು ಮಾತು ಹೇಳ್ತೀನಿ. ಈ ಉದ್ದನೆ ಮೇಜುಗಳಿಗೆ ಮುಂದುಗಡೆ ಹಲಗೆ ಇರಲ್ಲ. ಎದುರು ಕೂತವರಿಗೆ ನಿಮ್ಮ ಕಾಲು ಕಾಣಿಸುತ್ತೆ. ಒಂದು ವರ್ಷ ದುಪಟ್ಟಾ ಮಡಿಲ ಮೇಲೆ ಹರಡಿಕೊಂಡು ಕೂತು ಕೆಲಸ ಮಾಡಿದ್ದೀನಿ. ಹಲಗೆ ಹಾಕಿಸಿ, ಏನು ಮಹಾ ಖರ್ಚು. ಓಡಾಡುವ ದಾರಿಗೆ ಬೆನ್ನು ಮಾಡಿ ಯಾರನ್ನೂ ಕೂರಿಸಬೇಡಿ. ಹಿಂದೆ ಯಾರೋ ನಿಂತು ಸ್ಕ್ರೀನ್ ನೋಡ್ತಿದ್ದಾರೆ ಅನ್ನಿಸ್ತಾ ಇದ್ರೆ ತಲೆ ಓಡಲ್ಲ. ಏಸಿಯ ಬಾಯಿ ಕೆಳಗಿನ ಸೀಟು ಯಾವಾಗಲೂ ಲೇಟಾಗಿ ಬಂದವರಿಗೆ ಉಳಿಯುತ್ತೆ. ಲೇಟಾಗಿ ಬರೋದು ಯಾರು? ಮಗುವನ್ನು ಸ್ಕೂಲಿಗೆ ಬಿಟ್ಟು ಬರೋರು.

ಮತ್ತೆ ಬಾಬು ಅವರೇ, ಬಂದರಿನ ಹುಡುಗರೂ ಸೇರಿದರೆ ನಿಮ್ಮಲ್ಲಿ ಒಟ್ಟು ಎಷ್ಟು ಜನ? 50 ಮುಟ್ಟಿದರೆ ಕ್ರೆಷ್ (ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವ ಜಾಗ) ಸೌಲಭ್ಯ ಕೊಡಬೇಕು. ಹೆರಿಗೆ ಸೌಲಭ್ಯದ ಕಾಯ್ದೆಗೆ 2017ರಲ್ಲಿ ಬಂದ ತಿದ್ದುಪಡಿಯಿಂದಲೇ ಈ ನಿಯಮ ಇದೆ. ಸೋಫಾಗೆ ಜಾಗ ಹುಡುಕುವ ಮೊದಲು ಅದನ್ನು ನೋಡಿ.

ಬಲ್ಲಾರ್ಡ್_ಬಾಬು

61 ಜನ ಮೇಡಂ. ಇಷ್ಟು ವರ್ಷದಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಬರೆದುಕೊಂಡೆ.

ಪಣಜಿ_ಪೈ

ಗೋವಾದಿಂದ ಒಂದು ಎಚ್ಚರಿಕೆ. ನಾವು ಪಣಜಿಯಲ್ಲಿ ಹಂಚಿನ ಮಾಡಿನ ಹಳೇ ಮನೆಯೊಂದನ್ನು ಬಾಡಿಗೆಗೆ ಹಿಡಿದು 14 ಜನರ ಆಫೀಸು ಮಾಡಿದೆವು. ಜನವರಿಯಲ್ಲಿ ಸ್ವರ್ಗ. ಗೋಡೆಗೆ ಬಟ್ಟೆ ಹೊದಿಸಿದ ಪ್ಯಾನೆಲ್, ನೆಲಕ್ಕೆ ಕಾರ್ಪೆಟ್ ಟೈಲ್, ಫೋಟೋ ತೆಗೆದು ಎಲ್ಲರಿಗೂ ಕಳಿಸಿದ್ದೇ ಕಳಿಸಿದ್ದು. ಜೂನ್ ಬಂತು. ಹಂಚಿನ ಮೇಲೆ ಮಳೆ ಸುರಿಯೋ ಸದ್ದಿಗೆ ಫೋನಿನ ಆ ಕಡೆಯವರು “ನೀವು ಏನಾದ್ರೂ ಹುರೀತಿದ್ದೀರಾ?” ಅಂತ ಕೇಳಿದರು. ಜುಲೈಗೆ ಪ್ಯಾನೆಲ್ ಮೇಲೆ ಹಸಿರು ಬೂಷ್ಟು. ಎಲ್ಲರ ಒದ್ದೆ ಚಪ್ಪಲಿ, ಒದ್ದೆ ಕೊಡೆ ಸೇರಿ ಕಾರ್ಪೆಟ್‌ನಿಂದ ಒಣಮೀನಿನ ವಾಸನೆ. ಆಗಸ್ಟಿನಲ್ಲಿ ಕಾರ್ಪೆಟ್ ಕಿತ್ತೆವು. ಬಟ್ಟೆ ಪ್ಯಾನೆಲ್ ಬದಲು ಪಾಲಿಯೆಸ್ಟರ್ ಫೆಲ್ಟ್ ಹಾಕಿದ ಮೇಲೆ ಬೂಷ್ಟು ಕಡಿಮೆ. ಒರೆಸಿದರೆ ಹೋಗುತ್ತೆ.

ಬಾಗಿಲಲ್ಲೇ ಕೊಡೆಗೆ ಜಾಗ, ನೀರು ಇಳಿಯೋಕೆ ತಟ್ಟೆ. ಇದನ್ನು ಯಾವ ಡಿಸೈನರೂ ನಕ್ಷೆಯಲ್ಲಿ ಹಾಕಲ್ಲ.

ನಕ್ಷೆ_ಭಟ್ಟ

ಪೈಗಳೇ, ನಾನು ಹಾಕ್ತೇನೆ :)

ಸಯನ್_ಸುಬ್ಬಣ್ಣ

ಡಬ್ಬಾ ಬಗ್ಗೆ ಯಾರೂ ಯಾಕೆ ಮಾತಾಡ್ತಿಲ್ಲ? ನಮ್ಮಲ್ಲಿ ಹಾಟ್ ಸೀಟು (ಖಾಯಂ ಜಾಗ ಇಲ್ಲದ ಪದ್ಧತಿ) ಬಂದಾಗ ಮೊದಲು ತಕರಾರು ತೆಗೆದದ್ದು ಡಬ್ಬಾವಾಲಾ. ಡಬ್ಬದ ಮುಚ್ಚಳದ ಮೇಲಿನ ಗುರುತಿನಲ್ಲಿ ಸ್ಟೇಷನ್ನು, ಕಟ್ಟಡ, ಮಹಡಿ ತನಕ ಇರುತ್ತೆ. ಮಹಡಿಯಿಂದ ಮುಂದಿನದು ಅವರ ತಲೆಯಲ್ಲಿ. “ಕಿಟಕಿ ಹತ್ತಿರದ ಕಾಮತ್” ಅಂತ. ಆ ಕಾಮತ್ ದಿನಕ್ಕೊಂದು ಕಡೆ ಕೂತರೆ ಅವರು ಹುಡುಕ್ಕೊಂಡು ಸುತ್ತಬೇಕಾ? ಒಂದು ವಾರ ನನ್ನ ಡಬ್ಬ ಎಚ್‌ಆರ್ ಹುಡುಗಿಯ ಮೇಜಿಗೆ ಹೋಗ್ತಿತ್ತು. ಅವಳಿಗೆ ನಮ್ಮ ಮನೆಯ ಹಾಗಲಕಾಯಿ ಗೊಜ್ಜು ಇಷ್ಟವಾಗಿಬಿಟ್ಟಿತ್ತು, ಹೇಳಲೇ ಇಲ್ಲ.

ಕುರ್ಲಾ_ಶೆಟ್ರು

ಗೊಜ್ಜಿನ ರೆಸಿಪಿ ಹಾಕಿ ಸುಬ್ಬಣ್ಣ.

ಹಿಂಜವಡಿ_ಹುಡುಗಿ

ಅಂಕಲ್, ಹುಣಸೆ ಜಾಸ್ತಿಯಾ ಬೆಲ್ಲ ಜಾಸ್ತಿಯಾ? ಅದನ್ನು ಹೇಳಿ, ಯಾವ ಊರಿನವರು ಅಂತ ನಾನು ಹೇಳ್ತೀನಿ.

ಸಯನ್_ಸುಬ್ಬಣ್ಣ

ಬೆಲ್ಲ. ತೀರ್ಥಹಳ್ಳಿ. ಈಗ ವಿಷಯಕ್ಕೆ ಬನ್ನಿ.

ಮುಲುಂಡ್_ಮಾವ

ವಿಷಯಕ್ಕೆ ಅಂದಿರಲ್ಲ, 2005ರ ಜುಲೈ 26 ನೆನಪಾಯ್ತು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ. ರೈಲು ನಿಂತಿತು, ನಾವು 19 ಜನ ಬ್ರಾಂಚಿನಲ್ಲೇ ಉಳಿದೆವು. ಹೆಂಗಸರಿಗೆ ಮ್ಯಾನೇಜರ್ ಕ್ಯಾಬಿನ್, ಒಳಗಿನಿಂದ ಚಿಲಕ. ನಾವು ಕೌಂಟರ್ ಮೇಲೆ ಲೆಡ್ಜರ್ ತಲೆದಿಂಬು ಮಾಡಿಕೊಂಡು ಮಲಗಿದ್ದು. ಅವತ್ತು ಆ ಚಿಲಕ ಇರುವ ಬಾಗಿಲು ಇಲ್ಲದಿದ್ದರೆ ಬಹಳ ಕಷ್ಟ ಇತ್ತು. ಒಂದಾದರೂ ಗಟ್ಟಿ ಬಾಗಿಲಿನ ರೂಮು ಉಳಿಸಿಕೊಳ್ಳಿ ಬಾಬು. ಬರೀ ಗಾಜು ಬೇಡ.

ವಡಾಲಾ_ವೀಣಾ

ನೂರಕ್ಕೆ ನೂರು. ಜ್ವರ ಬಂದವರಿಗೆ, ಹಾಲುಣಿಸುವವರಿಗೆ, ಅಳು ಬಂದವರಿಗೆ, ಎಲ್ಲರಿಗೂ ಬೇಕು ಆ ರೂಮು.

ಠಾಕುರ್ಲಿ_ಠಕ್ಕ

ಎಲ್ಲ ಸುಮ್ನೆ. ಬಾಡಿಗೆ ಉಳಿಸೋಕೆ ಮಾಡೋದು. 46 ಜನರನ್ನು 30 ಸೀಟಿನಲ್ಲಿ ಕೂರಿಸಿ ‘ಸಹಯೋಗ’ ಅಂತ ಹೆಸರಿಡೋದು. ಇದರಲ್ಲಿ ಗುಟ್ಟೇನಿದೆ?

ನಕ್ಷೆ_ಭಟ್ಟ

ಪೂರ್ತಿ ಸುಳ್ಳಲ್ಲ. ಆದರೆ ಬಾಡಿಗೆ ಉಳಿಸೋದು ಪಾಪವೂ ಅಲ್ಲ. ಉಳಿದ ಜಾಗವನ್ನು ಯಾರಿಗೆ ಕೊಟ್ಟರು ಅನ್ನೋದು ನೋಡಬೇಕು. ಹತ್ತು ಸೀಟು ಕಡಿಮೆ ಮಾಡಿ ನಾಲ್ಕು ಫೋನ್ ಬೂತು, ಒಂದು ಮೌನದ ಕೋಣೆ ಕೊಟ್ಟರೆ ನ್ಯಾಯ. ಹತ್ತು ಸೀಟು ಕಡಿಮೆ ಮಾಡಿ ಒಂದು ಪಿಂಗ್‌ಪಾಂಗ್ ಮೇಜು ಕೊಟ್ಟರೆ ಠಕ್ಕರ ಮಾತೇ ಸರಿ.

ಅಂದಹಾಗೆ ಫೈರ್ ಮರೆತಿದ್ದೆ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆಯಡಿ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈನಲ್ಲಿ, ಲೈಸೆನ್ಸ್ ಇರುವ ಏಜೆನ್ಸಿಯಿಂದ, ಬೆಂಕಿ ತಡೆಯುವ ವ್ಯವಸ್ಥೆ ಸರಿಯಿದೆ ಅನ್ನುವ ಬಿ ಫಾರ್ಮ್ ಆಗಬೇಕು. ಗೋಡೆ ಬದಲಾದರೆ ಸ್ಮೋಕ್ ಡಿಟೆಕ್ಟರ್, ಸ್ಪ್ರಿಂಕ್ಲರ್ ಇದ್ದರೆ ಅದರ ಜಾಗ, ಹೊರಗೆ ಹೋಗುವ ದಾರಿ ಎಲ್ಲ ಹೊಸದಾಗಿ ನೋಡಬೇಕು. ಆ ಏಜೆನ್ಸಿಯವರನ್ನು ನಕ್ಷೆ ಇರುವಾಗಲೇ ಕೂರಿಸಿಕೊಳ್ಳಿ.

ಬಲ್ಲಾರ್ಡ್_ಬಾಬು · ಆಗಸ್ಟ್, ಶನಿವಾರ ಮಧ್ಯಾಹ್ನ 3:15

ಭಟ್ಟರೇ, ಎಣಿಸಿದೆ. ಹತ್ತು ದಿನ, ದಿನಕ್ಕೆ ಮೂರು ಸಲ. ಜನ ನನಗೆ ಹುಚ್ಚು ಹಿಡಿದಿದೆ ಅಂದುಕೊಂಡರು.

46ರಲ್ಲಿ ಒಂದು ದಿನವೂ 33ಕ್ಕಿಂತ ಹೆಚ್ಚು ಸೀಟು ತುಂಬಲಿಲ್ಲ. ಸಾಧಾರಣ ದಿನ 27. ಉಳಿದವರು ಬಂದರಿನಲ್ಲಿ, ಸಹಾರ್ ಏರ್ ಕಾರ್ಗೋದಲ್ಲಿ, ಎದುರಿನ ಕಸ್ಟಮ್ ಹೌಸಿನಲ್ಲಿ. 12 ಕುರ್ಚಿಯ ಮೀಟಿಂಗ್ ರೂಮಿನಲ್ಲಿ ಸಾಮಾನ್ಯವಾಗಿ ಇಬ್ಬರೇ ಕೂತಿರುತ್ತಾರೆ. ಮತ್ತೆ ಒಂದು ಆಶ್ಚರ್ಯ. ಜನ ನಿಂತು ಮಾತಾಡುವುದು ಪ್ಯಾಂಟ್ರಿಯಲ್ಲೂ ಅಲ್ಲ, ಸಾಹೇಬರ ಮುಂದೆಯೂ ಅಲ್ಲ. ಜೆರಾಕ್ಸ್ ಮಷೀನ್ ಹತ್ತಿರ. ಅದರ ಪಕ್ಕ ಮೊಣಕೈ ಊರುವ ಎತ್ತರಕ್ಕೆ ಒಂದು ಹಳೇ ಸ್ಟೀಲ್ ಕಪಾಟು ಇದೆ. ಅದರ ಮೇಲೆ ಬಿಲ್ ಆಫ್ ಎಂಟ್ರಿ (ಆಮದು ಸರಕಿನ ಸುಂಕದ ಪತ್ರ) ಹರಡಿಕೊಂಡು ಮೂವರು ಬಗ್ಗಿರುತ್ತಾರೆ. ಒಬ್ಬನ ಬೆರಳು ಸರಕಿನ ವರ್ಗ ಹೇಳುವ ಎಚ್‌ಎಸ್ ಕೋಡ್ ಮೇಲೆ, ಇನ್ನೊಬ್ಬ ಅದು ತಪ್ಪು ಅಂತ ವಾದ, ಮೂರನೆಯವನ ಕೈಯಲ್ಲಿ ಅರ್ಧ ಕುಡಿದ ಕಟಿಂಗ್ ಚಹಾ. ಕಪಾಟಿನ ಬಣ್ಣ ಆ ಮೂಲೆಯಲ್ಲಿ ಮೊಣಕೈ ತಾಗಿ ತಾಗಿ ಹೋಗಿದೆ. ಇಷ್ಟು ವರ್ಷ ಓಡಾಡಿದ ನನಗೆ ಅದು ಕಂಡಿರಲೇ ಇಲ್ಲ.

ಚಿಕ್ಕ ಸಾಹೇಬರಿಗೆ ತೋರಿಸಿದೆ. ಅವರು ಸುಮಾರು ಹೊತ್ತು ಆ ಮೂಲೆ ನೋಡಿ, “ಸೋಫಾ ಬೇಡ. ಇಂಥದ್ದೇ ಎತ್ತರದ ಮೇಜು ಎರಡು ಮಾಡಿಸಿ” ಅಂದರು.

ಕಾಗದದ ವಿಷಯ. ಆ 38ರಲ್ಲಿ 21 ಕಪಾಟಿನಲ್ಲಿ ಇರುವುದು ತುಂಬಾ ಹಳೇ ಫೈಲು. ಕಸ್ಟಮ್ಸ್ ಬ್ರೋಕರ್‌ಗಳ 2018ರ ನಿಯಮದ ಪ್ರಕಾರ ದಾಖಲೆ 5 ವರ್ಷ ಇಡಬೇಕು. ಲೆಕ್ಕದ ಪುಸ್ತಕ ಕಂಪನಿ ಕಾಯ್ದೆ ಪ್ರಕಾರ 8 ವರ್ಷ. ಕಸ್ಟಮ್ಸಿನವರ ಇ-ಸಂಚಿತ್ ಆನ್‌ಲೈನ್ ವ್ಯವಸ್ಥೆ ಬಂದ ಮೇಲೆ ಪೂರಕ ಕಾಗದವೆಲ್ಲ ಆನ್‌ಲೈನೇ ಹೋಗುತ್ತೆ. ಆದರೂ ನಾವು ಒಂದೊಂದು ಪ್ರಿಂಟ್ ತೆಗೆದು ಇಡ್ತಾ ಬಂದಿದ್ದೇವೆ, ಅಭ್ಯಾಸ. 1998ರ ಫೈಲೂ ಸಿಕ್ಕಿತು, ಒಳಗೆ ಒಂದು ಸತ್ತ ಹಲ್ಲಿ.

ಡೇಟಾ_ದೇಸಾಯಿ

ಕೇಸು, ನೋಟಿಸು ನಡೀತಿರುವ ಫೈಲು ಎಸೆಯಬೇಡಿ ಸರ್. ಅದಕ್ಕೆ ವರ್ಷದ ಲೆಕ್ಕ ನಡೆಯಲ್ಲ. ವಕೀಲರಿಗೆ ಪಟ್ಟಿ ತೋರಿಸಿ ಆಮೇಲೆ ರದ್ದಿ.

ನಕ್ಷೆ_ಭಟ್ಟ

ಇದಕ್ಕೇ ಎಣಿಸಿ ಅಂದದ್ದು. ಉಳಿದ 17 ಕಪಾಟಿನ ಕಾಗದವನ್ನು ಒಂದೇ ಕಡೆ ಕಾಂಪ್ಯಾಕ್ಟರಿನಲ್ಲಿ (ಹಳಿ ಮೇಲೆ ಸರಿಯುವ ಒತ್ತೊತ್ತು ಕಪಾಟು) ತುಂಬುವ ಆಸೆ ಬರುತ್ತೆ. ಹಳೇ ಕಟ್ಟಡದ ಮೂರನೇ ಮಹಡಿ, ಅಷ್ಟು ಭಾರ ಒಂದೇ ಮೂಲೆಗೆ ಬೇಡ. ಹಂಚಿ ಇಡಿ. ಸದ್ದಿಗೂ ಒಳ್ಳೇದು.

ಸೀಟು ಎಷ್ಟಕ್ಕೆ ನಿಂತಿತು?

ಬಲ್ಲಾರ್ಡ್_ಬಾಬು

36. ಅದರಲ್ಲಿ 12 ಖಾಯಂ. ಅಕೌಂಟ್ಸಿನ ನಾಲ್ವರು ಸ್ಲ್ಯಾಬಿನ ತನಕ ಗೋಡೆ ಇರುವ ರೂಮಿನಲ್ಲಿ, ಡಾಕ್ಯುಮೆಂಟೇಷನ್‌ನ ಎಂಟು ಜನ ಕಿಟಕಿ ಸಾಲಿನಲ್ಲಿ. ಉಳಿದ 24 ಬಂದು ಹೋಗುವವರಿಗೆ, ಜೊತೆಗೆ ಬೀಗ ಇರುವ ಲಾಕರ್. ಫ್ಯಾನ್ ಇರುವ ಫೋನ್ ಬೂತು ಮೂರು. ಗಟ್ಟಿ ಬಾಗಿಲಿನ ರೂಮು ಒಂದು, ಚಿಲಕ ಸಮೇತ, ಮಾವನವರ ಲೆಕ್ಕದಲ್ಲಿ. ಮೇಜಿಗೆ ಮುಂದಿನ ಹಲಗೆ, ವೀಣಾ ಮೇಡಂ ಲೆಕ್ಕದಲ್ಲಿ. ಡಬ್ಬಕ್ಕೆ ಬಾಗಿಲ ಹತ್ತಿರ ಹೆಸರು ಬರೆದ ಶೆಲ್ಫು. ಕ್ರೆಷ್‌ಗೆ ನಮ್ಮಲ್ಲಿ ಜಾಗ ಇಲ್ಲ, ಹತ್ತಿರದಲ್ಲಿ ಬೇರೆ ಆಫೀಸುಗಳ ಜೊತೆ ಹಂಚಿಕೊಳ್ಳಲು ಆಗುತ್ತಾ ಅಂತ ಚಿಕ್ಕ ಸಾಹೇಬರೇ ವಿಚಾರಿಸುತ್ತಿದ್ದಾರೆ.

ಹಿರಿಯರ ದೇವರ ಫೋಟೋ ಕಿಟಕಿ ಕಟ್ಟೆಯ ಮೇಲೇ ಇರುತ್ತೆ.

ಕುರ್ಲಾ_ಶೆಟ್ರು

ಸಾಹೇಬರ ಕ್ಯಾಬಿನ್?

ಬಲ್ಲಾರ್ಡ್_ಬಾಬು

ಇನ್ನೂ ಮಾತುಕತೆಯಲ್ಲಿದೆ :)

ಹಿಂಜವಡಿ_ಹುಡುಗಿ · ದಸರಾ ವಾರ

ಬಾಬು ಸರ್, ಕೆಲಸ ಶುರುವಾಯ್ತಾ? ನಮ್ಮಲ್ಲಿ ನಿನ್ನೆ ಆಯುಧ ಪೂಜೆಗೆ ಪಜೀತಿ. ಯಾರಿಗೂ ಸ್ವಂತ ಮೇಜಿಲ್ಲ, ಕುಂಕುಮ ಯಾವುದಕ್ಕೆ ಹಚ್ಚೋದು? ಕೊನೆಗೆ ವೈಫೈ ರೂಟರ್‌ಗೆ ಚೆಂಡುಹೂವು ಏರಿಸಿದರು.

ಬಲ್ಲಾರ್ಡ್_ಬಾಬು

ಸೋಮವಾರದಿಂದ ಒಡೆಯುವುದು. ನಮ್ಮ ಪೂಜೆ ನಾಳೆ. ಈ ಸಲ 46 ಮೇಜಿಗೂ ಕುಂಕುಮ, ಮೊಣಕೈ ಕಪಾಟಿಗೆ ದೊಡ್ಡ ಹಾರ.

ಸಯನ್_ಸುಬ್ಬಣ್ಣ

ಕಡ್ಲೆಪುರಿ ಕೊಡ್ತೀರಾ?

ಬಲ್ಲಾರ್ಡ್_ಬಾಬು

ಇಲ್ಲಿ ಕುರ್ಮುರಾ ಅಂತಾರೆ, ಎರಡು ಕಿಲೋ ತಂದಿಟ್ಟಿದ್ದೇನೆ. 11 ಗಂಟೆಗೆ ಬನ್ನಿ. ಲಿಫ್ಟು ಕೆಟ್ಟಿದೆ, ಮೂರು ಮಹಡಿ ಹತ್ತಬೇಕು.